ಮೂಳೆ ಇಲ್ಲದ ರಾಶಿ ಇಡಿ

ಎಣ್ಣೆ ಪ್ಯಾಕೆಟ್ಟಿನ ಮೇಲೆ ಕೆಂಪು ಹೃದಯ, ಪಕ್ಕದಲ್ಲೇ ದಪ್ಪಕ್ಷರದಲ್ಲಿ 'ಕೊಲೆಸ್ಟ್ರಾಲ್ ರಹಿತ'. ಎಂಥ ಕಾಳಜಿ ನೋಡಿ! ಕೊಲೆಸ್ಟ್ರಾಲ್ ಪ್ರಾಣಿಗಳ ಸೊತ್ತು. ಕಾಳು, ಕಾಯಿ ಹಿಂಡಿದ ಎಣ್ಣೆಯಲ್ಲಿ ಲೆಕ್ಕಕ್ಕೆ ಬರುವಷ್ಟು ಅದು ಯಾವತ್ತೂ ಇರಲಿಲ್ಲ. ಈ ಜಾಣತನ ಶಿವಮೊಗ್ಗದ ಅಡಿಕೆ ಮಂಡಿಗೂ ಬಂದರೆ ನಾಳೆಯಿಂದ ರಾಶಿ ಇಡಿ ಎಂಬ ದರ್ಜೆಯ ಅಡಿಕೆಗೆ 'ಮೂಳೆ ಇಲ್ಲದ ರಾಶಿ ಇಡಿ' ಅಂತ ಬೋರ್ಡು ಹಾಕಿ ಕ್ವಿಂಟಲಿಗೆ ಇನ್ನೂರು ಜಾಸ್ತಿ ಕೇಳಬಹುದು. ಇನ್ನೊಂದು ದರ್ಜೆಯ ಬೆಟ್ಟೆ ಅಡಿಕೆಯವರು ಸುಮ್ಮನಿರುತ್ತಾರಾ? 'ನಮ್ಮದರಲ್ಲಿ ಮೀನಿನ ಮುಳ್ಳೂ ಇಲ್ಲ' ಅಂತಾರೆ. ಪಾಪ, ಕೆಳದರ್ಜೆಯ ಗೊರಬಲಿಗೆ ಏನಿಲ್ಲದಿದ್ದರೂ ರೇಟು ಅಷ್ಟೇ.

ಪ್ಯಾಕೆಟ್ ತಿರುಗಿಸಿ. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಸ್ಯಾಚುರೇಟೆಡ್' ಎಂಬ ಕೊಬ್ಬಿನ ಲೆಕ್ಕವೊಂದಿದೆ. ನೋಡಬೇಕಾದ್ದು ಅದನ್ನು. ನೂರು ಗ್ರಾಂ ಸೂರ್ಯಕಾಂತಿ ಎಣ್ಣೆಯಲ್ಲಿ ಅದು 10-12 ಗ್ರಾಂ, ತಾಳೆ ಎಣ್ಣೆಯಲ್ಲಿ ಹೆಚ್ಚುಕಮ್ಮಿ 50, ತುಪ್ಪದಲ್ಲಿ 60ರ ಆಸುಪಾಸು, ತೆಂಗಿನೆಣ್ಣೆಯಲ್ಲಿ 80ರ ಮೇಲೆ. ತಾಳೆಗೂ ತೆಂಗಿಗೂ ಕೊಲೆಸ್ಟ್ರಾಲ್ ಸೊನ್ನೆಯೇ ಸ್ವಾಮಿ!

ರಕ್ತದ ಕೊಲೆಸ್ಟ್ರಾಲಿನ ಬಹುಪಾಲು ದೇಹವೇ ತಯಾರಿಸಿಕೊಂಡದ್ದು. ಅದನ್ನು ಹೊತ್ತು ತಿರುಗುವ ಲಾರಿ ಎಲ್‌ಡಿಎಲ್. ಸರಕು ಇಳಿಸಿಕೊಳ್ಳುವ ಗೇಟುಗಳು ಹೆಚ್ಚಾಗಿ ಲಿವರ್‌ನಲ್ಲಿವೆ. ಆ ಗೇಟು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್‌ಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಗೇಟುಗಳ ಕೆಲಸ ಮಂದ. ಲಾರಿಗಳು ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಸುತ್ತಿದಂತೆ ರಕ್ತದಲ್ಲೇ ಸುತ್ತಿದ್ದೇ ಸುತ್ತು. ಕೆಲವು ರಕ್ತನಾಳದ ಗೋಡೆಯೊಳಗೇ ನುಗ್ಗಿ ಅಲ್ಲೇ ಕೆಡುತ್ತವೆ. ಕೆಟ್ಟ ಸರಕು ಎತ್ತಲು ಬಂದ ಬಿಳಿ ರಕ್ತಕಣ ನುಂಗಿ, ನುಂಗಿ, ನೊರೆ ತುಂಬಿದಂತೆ ಉಬ್ಬಿ ಅಲ್ಲೇ ಮಲಗುತ್ತದೆ. ಥೇಟ್ ನಮ್ಮ ತನಿಖಾ ಸಮಿತಿ. ಹೀಗೆ ವರ್ಷಗಟ್ಟಲೆ ಬೆಳೆದ ಗಡ್ಡೆಯ ತೆಳು ಹೊದಿಕೆ ಒಂದು ದಿನ ಹರಿದು, ಮೇಲೆ ರಕ್ತ ಹೆಪ್ಪುಗಟ್ಟಿದರೆ ದಾರಿ ಬಂದ್. ನಾಳ ಅರ್ಧವೂ ಕಟ್ಟಿರದೆ, ಹಿಂದಿನ ದಿನ ಆರಾಮಾಗಿ ತೋಟ ಸುತ್ತಿ ಬಂದವರಿಗೂ ಹೀಗಾಗುತ್ತದೆ.

ಸೆಪ್ಟೆಂಬರ್ 29ರ ಹೃದಯ ದಿನದ ಭಾಷಣ ಕೇಳಿ ತುಪ್ಪ ಬಿಟ್ಟವರು ಟೀ ಜೊತೆ ಬನ್ನು, ಸಕ್ಕರೆ ಬಿಸ್ಕತ್ತು ಹಿಡಿದರು. ತುಪ್ಪದ ಜಾಗಕ್ಕೆ ಮೈದಾ ಬಂದರೆ ರಕ್ತನಾಳಕ್ಕೆ ಲಾಭವಿಲ್ಲ. ಸೂರ್ಯಕಾಂತಿ, ಸೋಯಾ ಎಣ್ಣೆ ಬಂದರೆ ಉಂಟು, ಅದೂ ಅಳತೆಯಲ್ಲಿ.

ಎಲ್‌ಡಿಎಲ್ ಏರಿಸಿ, ಕೊಲೆಸ್ಟ್ರಾಲನ್ನು ಲಿವರ್‌ಗೆ ವಾಪಸ್ ಒಯ್ಯುವ ಲಾರಿಯಾದ ಎಚ್‌ಡಿಎಲ್ ಇಳಿಸುವ ಟ್ರಾನ್ಸ್ ಕೊಬ್ಬಿಗೆ ಸರ್ಕಾರ ಮೂಗುದಾರ ಹಾಕಿದ್ದು ನಿಜಕ್ಕೂ ಒಳ್ಳೆಯದೇ. 2022ರ ಜನವರಿಯಿಂದ ಎಣ್ಣೆ, ವನಸ್ಪತಿಯಲ್ಲಿ ಅದು ಶೇ. 2 ಮೀರುವಂತಿಲ್ಲ. ಕರಿದ ಎಣ್ಣೆಗೂ 2018ರಿಂದ ಮಿತಿಯಿದೆ: ಕೆಟ್ಟ ಅಂಶ, ಅಂದರೆ ಪೋಲಾರ್ ಸಂಯುಕ್ತ, ಶೇ. 25 ದಾಟಿದರೆ ಚೆಲ್ಲಬೇಕು. ಅಳೆಯುವ ಮೀಟರು ಕೈಯಲ್ಲಿ ಹಿಡಿಯುವಷ್ಟೇ. ಬಿಸಿ ಎಣ್ಣೆಗೆ ಅದ್ದಿದರೆ ಸಂಖ್ಯೆ ಬರುತ್ತದೆ.

ಯಾವ ಬಜ್ಜಿ ಗಾಡಿಯ ಮುಂದೆ ಯಾರು ಅದ್ದಿದ್ದನ್ನು ನೋಡಿದ್ದೀರಿ? ಬಜ್ಜಿಯವನನ್ನು ಬೈಯುವುದು ಸುಲಭ, ಟಿನ್ನಿನ ಬೆಲೆ ಅವನಿಗೆ ಗೊತ್ತು. ಚೆಲ್ಲಬೇಕಾದ ಎಣ್ಣೆಯನ್ನು ಅವನಿಂದ ಕೊಂಡು ಡೀಸೆಲ್ ಮಾಡುವ ಯೋಜನೆಯೂ ಉಂಟು. ಗಾಂಧಿ ಬಜಾರಿನ ಮಳೆಯಲ್ಲಿ ನಿಂತವನಿಗೆ ಅದನ್ನು ಹೇಳುವವರು ಯಾರು? ಕಾನೂನು ಬರೆದವರಿಗೆ ಬಾಣಲೆ ಬೇಡ. ಬಾಣಲೆ ಇರುವವನಿಗೆ ಕಾನೂನು ಮುಟ್ಟಿಲ್ಲ. ತಿನ್ನುವವರು ಸಾಯಲಿ, ಅಷ್ಟೇ ತಾನೆ?

ಉಪ್ಪು, ನೀರಿನಂಶ, ತಳದಲ್ಲಿ ಸೀದ ಹಿಟ್ಟಿನ ಚೂರು, ಎಲ್ಲ ಸೇರಿ ಎಣ್ಣೆ ಬೇಗ ಹಾಳಾಗುತ್ತದೆ. ಸಂಜೆ ಏಳಕ್ಕೆ ಕಪ್ಪಗೆ, ಅಂಟಂಟಾಗಿ, ನೊರೆ ಕಟ್ಟಿ, ಸಣ್ಣ ಉರಿಗೇ ಹೊಗೆಯಾಡುವ ಬಾಣಲೆಗೆ ಹೊಸ ಪ್ಯಾಕೆಟ್ ಕತ್ತರಿಸಿ ಸುರಿಯುತ್ತಾರೆ. ಹಳೆಯದು ಹೊಸದನ್ನೂ ತನ್ನ ದಾರಿಗೆ ತರುತ್ತದೆ. ಖಾಲಿ ಪ್ಯಾಕೆಟ್ಟು, ಹೃದಯ ಸಮೇತ, ಮೋರಿಗೆ.