ನಾನಿಲ್ಲದ ದಿನ ನನ್ನ ಮೇಜು

"ಯಾವ ಕಾಗದ ಎಲ್ಲಿದೆ ಅಂತ ನನಗೆ ಗೊತ್ತು, ದಯವಿಟ್ಟು ಯಾರೂ ಮುಟ್ಟಬೇಡಿ."

ಕಚೇರಿಗೆ ಸೇರಿದ ಮೇಲೆ ಹನ್ನೊಂದು ವರ್ಷ ನಾನು ಈ ಮಾತನ್ನು ಹೇಳಿಕೊಂಡೇ ಬಂದೆ. ಮೇಜಿನ ಎಡಕ್ಕೆ ಎರಡು ರಾಶಿ, ಬಲಕ್ಕೆ ಒಂದು, ಕಾಲ ಬಳಿ ಹಳೆಯ ಪ್ರಿಂಟೌಟುಗಳ ಕಂತೆ. ಯಾರಾದರೂ ಒಂದು ಪತ್ರ ಕೇಳಿದರೆ ರಾಶಿಯ ನಡುವಿನಿಂದ ಸರಕ್ಕನೆ ಎಳೆದು ಕೊಡುತ್ತಿದ್ದೆ. "ಮೇಡಂ ಬೆರಳಿಗೆ ಕಣ್ಣಿದೆ" ಅಂತ ಸಹೋದ್ಯೋಗಿಗಳು ಹೇಳುತ್ತಿದ್ದರು. ಕೇಳೋಕೆ ಹಿತವಾಗಿತ್ತು.

ನಾಲ್ಕು ವರ್ಷದ ಹಿಂದೆ ಅಮ್ಮನಿಗೆ ರಾತ್ರೋರಾತ್ರಿ ಹುಷಾರು ತಪ್ಪಿ ಆಸ್ಪತ್ರೆಗೆ ಸೇರಿಸಿದೆವು. ಒಂಬತ್ತು ದಿನ ನಾನು ಕಚೇರಿಯ ಕಡೆ ತಲೆ ಹಾಕಲಿಲ್ಲ. ಮೊದಲ ಮೂರು ದಿನವಂತೂ ಫೋನು ಎಲ್ಲಿದೆ ಎಂಬ ಪರಿವೆಯೂ ಇರಲಿಲ್ಲ. ಅದೇ ಮೂರು ದಿನಗಳಲ್ಲಿ ಒಬ್ಬ ಹುಡುಗಿ ನಮ್ಮ ಕಚೇರಿಗೆ ಬಂದಿದ್ದಳು. ಪರಿಶೀಲನೆಗೆಂದು ಕೊಟ್ಟಿದ್ದ ಮೂಲ ಅಂಕಪಟ್ಟಿ ಅವಳಿಗೆ ವಾಪಸು ಬೇಕಿತ್ತು. ಮರುದಿನ ಬೇರೆ ಊರಿನಲ್ಲಿ ಕೆಲಸವೊಂದಕ್ಕೆ ಅದನ್ನು ತೋರಿಸಬೇಕಿತ್ತಂತೆ. ನಮ್ಮಲ್ಲಿ ಪರಿಶೀಲನೆ ಮುಗಿದು ವಾರವಾಗಿತ್ತು, ಕೊಟ್ಟು ಕಳಿಸುವುದಷ್ಟೇ ಬಾಕಿ. ಪಕ್ಕದ ಮೇಜಿನವರು ನನ್ನ ರಾಶಿಗಳನ್ನು ಒಂದೊಂದಾಗಿ ಇಳಿಸಿ ನೋಡಿದ್ದಾರೆ. ಡ್ರಾಯರುಗಳನ್ನೂ ಬೀರುವನ್ನೂ ತೆಗೆಸಿದ್ದಾರೆ. ನನಗೆ ಆರೇಳು ಸಲ ಫೋನ್ ಮಾಡಿದ್ದಾರೆ. ಕಚೇರಿ ಮುಚ್ಚುವವರೆಗೆ ಆ ಹುಡುಗಿ ಹೊರಗಿನ ಬೆಂಚಿನ ಮೇಲೆ ಕೂತೇ ಇದ್ದಳಂತೆ. ಅಂಕಪಟ್ಟಿ ಸಿಗಲಿಲ್ಲ, ಅವಳು ಬರಿಗೈಯಲ್ಲಿ ಹೋದಳು.

ಹತ್ತನೆಯ ದಿನ ನಾನು ಹೋದೆ. ಎಡಗಡೆಯ ಎರಡನೆಯ ರಾಶಿ, ರಿಜಿಸ್ಟರಿನ ಅಡಿ, ನೀಲಿ ಕವರಿನೊಳಗೆ. ನನಗೆ ಅರ್ಧ ನಿಮಿಷ ಹಿಡಿಯಿತು. ಆ ಕವರನ್ನು ಕೈಯಲ್ಲಿ ಹಿಡಿದು ನಿಂತಾಗ ಯಾರೂ ನನ್ನನ್ನು ಬೈಯಲಿಲ್ಲ. "ಅಮ್ಮ ಹೇಗಿದ್ದಾರೆ?" ಅಂತಷ್ಟೇ ಕೇಳಿದರು. ಆ ಹುಡುಗಿಯ ಹೆಸರು ಇವತ್ತಿಗೂ ನೆನಪಿದೆ. ಅವಳಿಗೆ ಆ ಕೆಲಸ ಸಿಗಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅಂಕಪಟ್ಟಿ ಕೈಯಲ್ಲಿದ್ದಿದ್ದರೆ ಸಿಗುತ್ತಿತ್ತೋ ಏನೋ, ಅದನ್ನು ಯಾರೂ ಹೇಳಲಾರರು. ನನ್ನ ಮಟ್ಟಿಗೆ ಆ 'ಏನೋ' ಇನ್ನೂ ಮುಗಿದಿಲ್ಲ.

ಅಲ್ಲಿಂದೀಚೆಗೆ ಕಚೇರಿಯ ಮೇಜುಗಳನ್ನು ನಾನು ನೋಡುವ ರೀತಿ ಬದಲಾಗಿದೆ. ಮೇಜು ಖಾಲಿ ಇದೆಯೇ, ಚೆಂದ ಕಾಣುತ್ತದೆಯೇ ಎಂಬುದು ನನಗೆ ಮುಖ್ಯ ಅನ್ನಿಸುವುದಿಲ್ಲ. ಆ ಕುರ್ಚಿಯಲ್ಲಿ ಕೂರುವವರು ಇವತ್ತು ಬಾರದೇ ಹೋದರೆ, ಇನ್ನೊಬ್ಬರು ಬಂದು ಬೇಕಾದ ಒಂದು ಕಾಗದವನ್ನು ಐದು ನಿಮಿಷದಲ್ಲಿ ತೆಗೆಯಬಲ್ಲರೇ? ನಾನು ಕೇಳುವುದು ಇದೊಂದನ್ನೇ.

ಈ ಮಾತು ಎತ್ತಿದಾಗಲೆಲ್ಲ ಯಾರಾದರೂ ಐನ್‌ಸ್ಟೈನ್ ಅವರ ಮೇಜಿನ ಫೋಟೋ ಕಳಿಸುತ್ತಾರೆ. ನೀವೂ ನೋಡಿರುತ್ತೀರಿ: ಕಾಗದ ಹರಡಿದ ಮೇಜು, ತುಂಬಿದ ಪುಸ್ತಕದ ಕಪಾಟು, ಗಣಿತ ಬರೆದ ಕಪ್ಪುಹಲಗೆ, ಖಾಲಿ ಕುರ್ಚಿ. ದೊಡ್ಡ ತಲೆಯವರ ಮೇಜು ಹೀಗೇ ಇರುತ್ತದೆ ಎಂಬುದು ಅದನ್ನು ಕಳಿಸುವವರ ವಾದ. ಆ ಚಿತ್ರವನ್ನು ಲೈಫ್ ಪತ್ರಿಕೆಯ ಛಾಯಾಗ್ರಾಹಕ ರಾಲ್ಫ್ ಮೋರ್ಸ್ ತೆಗೆದದ್ದು 1955ರ ಏಪ್ರಿಲ್ 18ರಂದು, ಪ್ರಿನ್ಸ್‌ಟನ್ನಿನಲ್ಲಿ. ಅಂದರೆ ಐನ್‌ಸ್ಟೈನ್ ತೀರಿಕೊಂಡ ದಿನವೇ. ಕುರ್ಚಿ ಖಾಲಿ ಇರುವುದು ಅದಕ್ಕೇ. ಆ ಕುರ್ಚಿಯ ಒಡೆಯರಿಗೆ ಇನ್ನು ಯಾವ ಕಾಗದವನ್ನೂ ಹುಡುಕುವ ಅಗತ್ಯವಿರಲಿಲ್ಲ, ಆದರೆ ಬೇರೊಬ್ಬರಿಗಿತ್ತು. 1928ರಿಂದ ಅವರ ಕಾರ್ಯದರ್ಶಿಯಾಗಿದ್ದ ಹೆಲೆನ್ ಡ್ಯೂಕಾಸ್, ಐನ್‌ಸ್ಟೈನ್ ತೀರಿಕೊಂಡ ನಂತರವೂ ಆ ಪತ್ರಗಳು, ಟಿಪ್ಪಣಿಗಳು, ಹಸ್ತಪ್ರತಿಗಳ ಜೊತೆಗೇ ಉಳಿದರು, ಜೋಡಿಸಿದರು, ಕಾಪಾಡಿದರು. 1982ರಲ್ಲಿ ಅವರೂ ತೀರಿಕೊಂಡರು. ಆ ಸಂಗ್ರಹ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯ ಸೇರಿದ್ದೂ ಅದೇ ವರ್ಷ. ಇಂದು ಐನ್‌ಸ್ಟೈನರ ಪತ್ರಗಳನ್ನು ಓದುವ ಎಲ್ಲರಿಗೂ ಆ ಹೆಣ್ಣುಮಗಳ ಋಣವಿದೆ. ನಾನು ಆ ಫೋಟೋ ನೋಡಿದಾಗ ನೆನೆಯುವುದು ಡ್ಯೂಕಾಸ್ ಅವರನ್ನು. ನಮ್ಮ ನಿಮ್ಮ ರಾಶಿಗಳಿಗೆ ಇಪ್ಪತ್ತೇಳು ವರ್ಷ ಕೊಡುವ ಡ್ಯೂಕಾಸ್ ಯಾರೂ ಇರುವುದಿಲ್ಲ.

ಇನ್ನೊಂದು ವಾದ ಸಂಶೋಧನೆಯದು. ಗಲೀಜು ಕೋಣೆಯಲ್ಲಿ ಕೂತವರಿಗೆ ಹೊಸ ಆಲೋಚನೆಗಳು ಹೆಚ್ಚು ಹೊಳೆದವು ಎಂದು 2013ರಲ್ಲಿ ಕ್ಯಾಥ್ಲೀನ್ ವೋಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವಿದೆ. ಅದೇ ಲೇಖನದಲ್ಲಿ, ಅಚ್ಚುಕಟ್ಟು ಕೋಣೆಯಲ್ಲಿದ್ದವರು ದಾನಕ್ಕೆ ಹೆಚ್ಚು ಹಣ ಕೊಡಲು ಮುಂದಾದರು ಎಂಬ ಫಲಿತಾಂಶವೂ ಇದೆ. ಅದನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಏನೇ ಇರಲಿ, ಅಲ್ಲಿ ಭಾಗವಹಿಸಿದವರು ತಮ್ಮದಲ್ಲದ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಹೋದವರು. ಆ ಗಲೀಜಿನಲ್ಲಿ ಯಾರ ಅಂಕಪಟ್ಟಿಯೂ ಸಿಕ್ಕಿಕೊಂಡಿರಲಿಲ್ಲ.

ಹಾಗಂತ ರಾಶಿ ಹಾಕುವವರನ್ನು ನಾನು ಹಳಿಯಲಾರೆ. ರಾಶಿಗೂ ಒಂದು ಅರ್ಥವಿದೆ. ಕಚೇರಿಯ ಜನ ಮೇಜನ್ನು ಹೇಗೆ ಬಳಸುತ್ತಾರೆ ಎಂದು ಥಾಮಸ್ ಮ್ಯಾಲೋನ್ 1983ರಲ್ಲೇ ಅಧ್ಯಯನ ಮಾಡಿ ಬರೆದಿದ್ದಾರೆ. ಮೇಜಿನ ಮೇಲಿಟ್ಟ ಕಾಗದ ಸಿಗುವುದಕ್ಕಾಗಿ ಮಾತ್ರ ಅಲ್ಲಿರುವುದಿಲ್ಲ, "ನನ್ನ ಕೆಲಸ ಬಾಕಿ ಇದೆ" ಎಂದು ನೆನಪಿಸುವುದಕ್ಕೂ ಇರುತ್ತದೆ ಎಂದು ಅವರು ಗುರುತಿಸಿದರು. ಕಣ್ಣೆದುರಿಂದ ಬೀರುವಿಗೆ ಹೋದ ಕಾಗದ ಮನಸ್ಸಿನಿಂದಲೂ ಹೋಗಿಬಿಡುತ್ತದೆ ಎಂಬ ಭಯ ಸುಳ್ಳಲ್ಲ. 2001ರಲ್ಲಿ ಸ್ಟೀವ್ ವಿಟೇಕರ್ ಮತ್ತು ಜೂಲಿಯಾ ಹಿರ್ಷ್‌ಬರ್ಗ್ ಇನ್ನೂ ಕುತೂಹಲದ ಸಂಗತಿ ಬರೆದರು: ಎಲ್ಲವನ್ನೂ ಕೂಡಲೇ ಫೈಲಿಗೆ ಸೇರಿಸುವವರ ಬಳಿ, ರಾಶಿ ಹಾಕುವವರಿಗಿಂತ ಹೆಚ್ಚು ಕಾಗದ ಕೂಡಿಬೀಳುತ್ತದೆ. ಬೇಡದ್ದನ್ನೂ ಅವಸರದಲ್ಲಿ ಫೈಲು ಮಾಡುತ್ತಾರೆ. ಅಷ್ಟು ಶ್ರಮಪಟ್ಟು ಜೋಡಿಸಿದ್ದನ್ನು ಎಸೆಯಲು ಆಮೇಲೆ ಮನಸ್ಸು ಬರುವುದಿಲ್ಲ. ಓದಿದಾಗ ನಮ್ಮ ಕಚೇರಿಯ ಮೂರು ಬೀರುಗಳು ಕಣ್ಮುಂದೆ ಬಂದವು.

ನನಗೆ ನಿಜಕ್ಕೂ ಸಿಟ್ಟು ಬರುವುದು ತಪಾಸಣೆಯ ಹಿಂದಿನ ಸಂಜೆಯ ಸ್ವಚ್ಛತೆ ಕಂಡಾಗ. ಮೇಲಧಿಕಾರಿಗಳು ಬರುತ್ತಾರೆ ಎಂದು ತಿಳಿದ ಕೂಡಲೇ ಮೇಜಿನ ಮೇಲಿರುವುದೆಲ್ಲ ರಟ್ಟಿನ ಪೆಟ್ಟಿಗೆಗೆ, ಪೆಟ್ಟಿಗೆ ಬೀರುವಿನ ತಲೆಯ ಮೇಲೆ. ಮರುದಿನ ಮೇಜು ಕನ್ನಡಿಯಂತೆ ಹೊಳೆಯುತ್ತದೆ, ಶಹಬ್ಬಾಸ್‌ಗಿರಿಯೂ ಸಿಗುತ್ತದೆ. ಆಮೇಲೆ ಎರಡು ವಾರ ಯಾರಿಗೂ ಏನೂ ಸಿಗುವುದಿಲ್ಲ. ರಾಶಿಯಾಗಿದ್ದಾಗ ಇಟ್ಟವರಿಗಾದರೂ ಗೊತ್ತಿತ್ತು, ಈಗ ಅವರಿಗೂ ಗೊತ್ತಿಲ್ಲ. ಮಾಹಿತಿ ಭದ್ರತೆಯ ಐಎಸ್‌ಒ 27001 ಮಾನದಂಡದಲ್ಲಿ ಮೇಜು ಮತ್ತು ಪರದೆಯನ್ನು ತೆರವಾಗಿಡಬೇಕು ಎಂಬ ನಿಯಮವಿದೆ, ನಿಜ. ಅದರ ಉದ್ದೇಶ ಬೇರೆ. ಜನ ನಂಬಿ ಕೊಟ್ಟ ವಿವರಗಳು ಹೋಗಿಬರುವವರ ಕಣ್ಣಿಗೆ ಬೀಳಬಾರದು ಎಂಬ ಕಾಳಜಿ ಅದು. ಅದಕ್ಕೆ ಬೀಗವಿರುವ ಡ್ರಾಯರು ಬೇಕು, ಆ ಡ್ರಾಯರಿನಲ್ಲಿ ಏನಿದೆ ಎಂದು ಬರೆದಿಟ್ಟ ಪಟ್ಟಿಯೂ ಬೇಕು. ಪೆಟ್ಟಿಗೆಗೆ ತುರುಕಿದರೆ ಆ ಕಾಳಜಿ ನಡೆದಂತಾಗುವುದಿಲ್ಲ.

ಈ ವಿಷಯದಲ್ಲಿ ಕಾರ್ಖಾನೆಯವರು ಕಚೇರಿಯವರಿಗಿಂತ ಬಹಳ ಮುಂದಿದ್ದಾರೆ. ಜಪಾನಿನ ಕಾರ್ಖಾನೆಗಳಿಂದ ಬಂದ 'ಫೈವ್ ಎಸ್' ಪದ್ಧತಿಯನ್ನು ಕೇಳಿರುತ್ತೀರಿ: ಸೇಯ್ರಿ, ಸೇಯ್ಟೊನ್, ಸೇಯ್ಸೊ, ಸೇಯ್ಕೆಟ್ಸು, ಶಿಟ್ಸುಕೆ. ಬೇಡದ್ದನ್ನು ತೆಗೆ, ಬೇಕಾದ್ದಕ್ಕೆ ಜಾಗ ಗೊತ್ತುಮಾಡು, ಶುಚಿಯಾಗಿಡು, ಅದನ್ನೇ ಎಲ್ಲರ ಕ್ರಮವಾಗಿಸು, ರೂಢಿ ಬಿಡಬೇಡ. ನನಗೆ ಹಿಡಿಸಿದ್ದು ಎರಡನೆಯದು. ಕೆಲವು ವರ್ಕ್‌ಶಾಪುಗಳಲ್ಲಿ ಗೋಡೆಯ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ, ಸುತ್ತಿಗೆಯ ಆಕಾರವನ್ನು ಬಣ್ಣದಲ್ಲಿ ಬರೆದಿರುತ್ತಾರೆ. ಒಂದು ಹತ್ಯಾರು ಅಲ್ಲಿಲ್ಲದಿದ್ದರೆ ಅದರ ನೆರಳು ಮಾತ್ರ ಕಾಣುತ್ತದೆ. ನಿನ್ನೆ ಕೆಲಸಕ್ಕೆ ಸೇರಿದ ಹುಡುಗನಿಗೂ ಏನು ಇಲ್ಲ, ತಂದಮೇಲೆ ಎಲ್ಲಿ ತೂಗುಹಾಕಬೇಕು ಎಂದು ಯಾರನ್ನೂ ಕೇಳದೆ ತಿಳಿಯುತ್ತದೆ. ಕಚೇರಿಯಲ್ಲಿ ಇಂಥ ನೆರಳು ಎಲ್ಲಿದೆ?

ಆ ಹತ್ತನೆಯ ದಿನದ ನಂತರ ಎರಡು ಶನಿವಾರ ಕೂತು ನನ್ನ ಮೇಜಿನ ಸುತ್ತಲಿದ್ದದ್ದನ್ನೆಲ್ಲ ವಿಂಗಡಿಸಿದೆ. ರದ್ದಿಗೆ ಹೋದದ್ದು 40 ಕಿಲೋ. ಚದರ ಮೀಟರಿಗೆ 80 ಗ್ರಾಂ ತೂಗುವ ಮಾಮೂಲು ಕಾಗದದ ಎ4 ಹಾಳೆಯೊಂದು 5 ಗ್ರಾಂ ತೂಗುತ್ತದೆ, ಹಾಗಾಗಿ ಹೆಚ್ಚುಕಡಿಮೆ 8,000 ಹಾಳೆ. ಅದರಲ್ಲಿ ಬಹುಪಾಲು ಒಂದೇ ಪತ್ರದ ಎರಡನೆಯ, ಮೂರನೆಯ ಜೆರಾಕ್ಸು. ಮೊದಲನೆಯದು ಸಿಗದೆ ತೆಗೆಸಿದ್ದವು. ಜನರ ವಿವರಗಳಿದ್ದವನ್ನು ಹರಿದು ಚೂರು ಮಾಡಿಯೇ ಕಳಿಸಿದೆ. ರದ್ದಿಗೆ ಹಾಕುವವರು ದಯವಿಟ್ಟು ಇದೊಂದನ್ನು ಮರೆಯಬೇಡಿ.

ಆಮೇಲೆ ಮಾಡಿಕೊಂಡ ಬದಲಾವಣೆಗಳಲ್ಲಿ ದೊಡ್ಡದು ಯಾವುದೂ ಇಲ್ಲ. ಮೂಲ ದಾಖಲೆ ಯಾವತ್ತೂ ಬೇರೆ ಕಾಗದದ ಜೊತೆ ಸೇರುವುದಿಲ್ಲ. ಅವಕ್ಕೊಂದು ಕೆಂಪು ಫೋಲ್ಡರು, ಅದಕ್ಕೊಂದು ಬೀಗದ ಡ್ರಾಯರು. ಯಾರದ್ದು, ಯಾವತ್ತು ಬಂತು, ಯಾವತ್ತು ಹೋಯಿತು ಎಂದು ಬರೆಯಲು ಒಂದು ಪುಸ್ತಕ. ಕೀಲಿ ಎಲ್ಲಿದೆ ಎಂದು ಇಬ್ಬರಿಗೆ ಗೊತ್ತು. ಇನ್ನು, ನಡೆಯುತ್ತಿರುವ ಪ್ರತಿ ಫೈಲಿನ ಮೇಲೆ ಒಂದು ಚೀಟಿ: ಇಲ್ಲಿಯವರೆಗೆ ಏನಾಗಿದೆ, ಯಾರಿಂದ ಏನು ಬರಬೇಕು, ಯಾವಾಗ ವಿಚಾರಿಸಬೇಕು. ಮೂರೇ ಸಾಲು. ಈ ಚೀಟಿ ಬರೆಯುವಾಗ ನಾನು ಮನಸ್ಸಿನಲ್ಲಿ ಪಕ್ಕದ ಮೇಜಿನವರಿಗೆ ಹೇಳುತ್ತಿದ್ದೇನೆ ಎಂದುಕೊಳ್ಳುತ್ತೇನೆ. ಆಗ "ನೋಡಬೇಕು", "ಕೇಳಬೇಕು" ಎಂಬ ನನಗಷ್ಟೇ ತಿಳಿಯುವ ಮಾತುಗಳು ತಾವಾಗಿ ಬಿಟ್ಟುಹೋಗುತ್ತವೆ.

ಈ ಚೀಟಿಗೆ ಮೊದಲು ಸ್ಟಿಕ್ಕಿ ನೋಟ್ ಬಳಸಿದೆ, ಬಿಟ್ಟೆ. 1968ರಲ್ಲಿ ಸ್ಪೆನ್ಸರ್ ಸಿಲ್ವರ್ ಕಂಡುಹಿಡಿದ ಆ ಅಂಟು ಸುಲಭವಾಗಿ ಕಿತ್ತುಬರುವಂಥದ್ದು, ಅದರ ಉಪಯೋಗ ಇರುವುದೇ ಅಲ್ಲಿ. ಒಂದು ಫೈಲಿನದು ಕಿತ್ತು ಇನ್ನೊಂದಕ್ಕೆ ಅಂಟಿಕೊಂಡರೆ ಆಗುವ ಅನಾಹುತ ಚೀಟಿಯೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಈಗ ದಪ್ಪ ಕಾಗದದ ಚೀಟಿ, ಫೈಲಿನ ಟ್ಯಾಗಿಗೇ ಪೋಣಿಸುತ್ತೇನೆ.

ಜಪಾನಿನ ಅರ್ಥಶಾಸ್ತ್ರಜ್ಞ ಯುಕಿಯೊ ನೊಗುಚಿ 1990ರ ದಶಕದಲ್ಲಿ ಪ್ರಚಾರಕ್ಕೆ ತಂದ ಲಕೋಟೆ ಪದ್ಧತಿಯನ್ನೂ ಆರು ತಿಂಗಳು ನಡೆಸಿದೆ. ವಿಷಯವಾರು ವಿಂಗಡಣೆಯೇ ಇಲ್ಲ. ಒಂದೊಂದು ಕೆಲಸದ ಕಾಗದ ಒಂದೊಂದು ಲಕೋಟೆಗೆ, ಲಕೋಟೆಗಳು ಸಾಲಾಗಿ ನಿಲ್ಲಬೇಕು, ತೆಗೆದದ್ದನ್ನು ವಾಪಸು ಇಡುವಾಗ ಎಡತುದಿಗೆ ಇಡಬೇಕು. ದಿನಕಳೆದಂತೆ ಬಳಸುವಂಥವು ಎಡಕ್ಕೆ ಸೇರುತ್ತವೆ, ಬಳಸದವು ತಾವಾಗಿ ಬಲಕ್ಕೆ ಸರಿಯುತ್ತವೆ. ಬಹಳ ಜಾಣ ಉಪಾಯ, ನನ್ನ ಸ್ವಂತ ಟಿಪ್ಪಣಿಗಳಿಗೆ ಈಗಲೂ ಅದೇ. ಆದರೆ ಅದು ನಿಂತಿರುವುದು "ಇದನ್ನು ಈಚೆಗೆ ನೋಡಿದ್ದೆ" ಎಂಬ ನನ್ನ ನೆನಪಿನ ಮೇಲೆ. ನನ್ನ ಬದಲಿಗೆ ಬಂದವರಿಗೆ ಆ ನೆನಪಿಲ್ಲ. ಎಲ್ಲರೂ ಕೈಹಾಕುವ ಕಡತಗಳಿಗೆ ಹಳೆಯ ಸಂಖ್ಯಾಕ್ರಮವೇ ವಾಸಿ.

ಕಂಪ್ಯೂಟರಿನದೂ ಇದೇ ಕಥೆ, ಕಣ್ಣಿಗೆ ಕಾಣದ ಕಾರಣ ಇನ್ನೂ ಕೆಟ್ಟದ್ದು. 'ಫೈನಲ್', 'ಫೈನಲ್ 2', 'ಫೈನಲ್ ಸರಿ ಮಾಡಿದ್ದು' ಎಂಬ ಮೂರರಲ್ಲಿ ಯಾವುದು ಹೊರಗೆ ಹೋಯಿತೆಂದು ಮೂರು ತಿಂಗಳ ಮೇಲೆ ಬರೆದವರಿಗೇ ಗೊತ್ತಿರುವುದಿಲ್ಲ. ಹೆಸರಿನ ಮೊದಲಿಗೆ ವರ್ಷ, ತಿಂಗಳು, ದಿನ, ಈ ಕ್ರಮದಲ್ಲಿ ತಾರೀಖು ಹಾಕಿ. 1988ರಲ್ಲಿ ಬಂದ ಐಎಸ್‌ಒ 8601 ಮಾನದಂಡದ ಕ್ರಮವೂ ಇದೇ. ಕಂಪ್ಯೂಟರು ಹೆಸರಿನ ಪ್ರಕಾರ ಜೋಡಿಸಿದಾಗ ಕಡತಗಳು ಕಾಲಕ್ರಮದಲ್ಲೇ ನಿಲ್ಲುತ್ತವೆ. ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳ ಒಂದನೇ ತಾರೀಖಿನವು ಒಂದೆಡೆ ಗುಂಪುಗೂಡುತ್ತವೆ.

ಇದಕ್ಕೆಲ್ಲ ಸಮಯ ಎಲ್ಲಿದೆ ಮೇಡಂ, ಅಂತ ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ಮೂರು ಜನರ ಕೆಲಸವನ್ನು ಒಬ್ಬರ ಮೇಜಿಗೆ ಸುರಿದು, ಮೇಲೆ "ಟೇಬಲ್ ನೀಟಾಗಿಡಿ" ಅನ್ನುವ ಕಚೇರಿಗಳಲ್ಲಿ ತಪ್ಪು ಮೇಜಿನದ್ದಾಗಿರುವುದಿಲ್ಲ. ಫೈಲು ಇಡಲು ರ‍್ಯಾಕು ಕೊಡದೆ, ಹಳೆಯದನ್ನು ವಿಲೇವಾರಿ ಮಾಡಲು ಅನುಮತಿಯನ್ನೂ ಕೊಡದೆ ನೌಕರರನ್ನು ದೂರುವುದು ಅನ್ಯಾಯ. ಇದನ್ನು ನಾನು ಸಭೆಯಲ್ಲೂ ಎದ್ದು ನಿಂತು ಹೇಳಿದ್ದೇನೆ. ಆದರೂ ಮೂಲ ದಾಖಲೆಗೊಂದು ಕೆಂಪು ಫೋಲ್ಡರು, ಫೈಲಿಗೊಂದು ಮೂರು ಸಾಲಿನ ಚೀಟಿ, ಇಷ್ಟಕ್ಕೆ ಯಾರ ಮಂಜೂರಾತಿಯೂ ಬೇಕಾಗಿಲ್ಲ. ಹೋದ ವರ್ಷ ಜ್ವರ ಬಂದು ನಾಲ್ಕು ದಿನ ಮಲಗಿದ್ದೆ. ಕಚೇರಿಯಿಂದ ಬಂದದ್ದು ಒಂದೇ ಫೋನು. "ಹುಷಾರಾಗಿದ್ದೀರಾ ಮೇಡಂ?" ಅಂತ ಕೇಳಿ ಇಟ್ಟುಬಿಟ್ಟರು.

ಮುಂದಿನ ತಿಂಗಳು ನನಗೆ ಬೇರೆ ವಿಭಾಗ. ಈ ವಾರವಿಡೀ ಚಾರ್ಜ್ ಕೊಡುವ ಪಟ್ಟಿ ಬರೆಯುತ್ತಿದ್ದೇನೆ. ಎಲ್ಲ ಮುಗಿಯಿತು ಅಂದುಕೊಂಡಾಗ ಕೆಳಗಿನ ಡ್ರಾಯರಿನ ಹಿಂಬದಿಯಲ್ಲಿ ಒಂದು ಹಿತ್ತಾಳೆ ಕೀಲಿಕೈ ಸಿಕ್ಕಿತು. ಚೀಟಿಯಿಲ್ಲ, ಸಂಖ್ಯೆಯಿಲ್ಲ. ಮೂರೂ ಬೀರುಗಳಿಗೆ, ದಾಖಲೆ ಕೋಣೆಯ ಬಾಗಿಲಿಗೆ, ಹಳೆಯ ಕಬ್ಬಿಣದ ಪೆಟ್ಟಿಗೆಗೆ ಹಾಕಿ ನೋಡಿದೆ, ಯಾವುದಕ್ಕೂ ಹೊಂದಲಿಲ್ಲ. ಪಟ್ಟಿಯ ಕೊನೆಯಲ್ಲಿ "ಕೀಲಿಕೈ 1, ಯಾವ ಬೀಗದ್ದೆಂದು ತಿಳಿದಿಲ್ಲ, ಈ ಐದಕ್ಕೆ ಹೊಂದುವುದಿಲ್ಲ" ಎಂದು ಬರೆದು, ಆ ಐದನ್ನೂ ಕೆಳಗೆ ಹೆಸರಿಸಿದ್ದೇನೆ. ನನಗಿಂತ ಮೊದಲು ಆ ಕುರ್ಚಿಯಲ್ಲಿ ಕೂತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಒಂದು ಫೋನ್ ಮಾಡಿ.