ಕಾಲ್ಚೆಂಡಿಗೆ ತಗುಲಿದ ಕಾಲ್ಗುಣ

ಹೊಸದಾಗಿ ಮನೆತುಂಬಿಸಿಕೊಂಡ ಸೊಸೆಯ ಕಾಲ್ಗುಣವನ್ನು ಅಳೆಯುವುದರಲ್ಲಿ ನಮ್ಮವರು ನಿಸ್ಸೀಮರು. ಹಸು ಹೆಚ್ಚು ಹಾಲು ಕೊಟ್ಟರೂ ಅವಳೇ ಕಾರಣ, ಒದ್ದರೂ ಅವಳೇ ಕಾರಣ. ಆದರೆ ಕೆಲಸಕ್ಕೆಂದು ಪರದೇಶಕ್ಕೆ ಬಂದಿಳಿದ ಗಂಡಸಿನ ಕಾಲ್ಗುಣವನ್ನು ಯಾರೂ ಪರೀಕ್ಷಿಸಿದಂತೆ ಕಾಣೆ. ನನ್ನದರ ಪರೀಕ್ಷೆ ಮಾತ್ರ 2007ರ ಸೆಪ್ಟೆಂಬರ್ 1ರಂದು, ಮಿಶಿಗನ್ ರಾಜ್ಯದ ಆನ್ ಆರ್ಬರ್ ಪಟ್ಟಣದಲ್ಲಿ, ಲಕ್ಷಕ್ಕೂ ಮೀರಿದ ಜನರ ಸಮಕ್ಷಮದಲ್ಲಿ ನಡೆದುಹೋಯಿತು. ಫಲಿತಾಂಶ ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ.

ನಾನು ಡೆಟ್ರಾಯಿಟ್ ಸಮೀಪದ ಊರಿಗೆ ಬಂದು ಆಗ ಮೂರು ವಾರಗಳೂ ಆಗಿರಲಿಲ್ಲ. ಕಚೇರಿಯ ಸಹೋದ್ಯೋಗಿಯೊಬ್ಬರು ತಮ್ಮ ಬಳಿ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಹೆಚ್ಚುವರಿ ಟಿಕೆಟ್ ಇದೆಯೆಂದೂ, ಎದುರಾಳಿ ತಂಡ ಲೆಕ್ಕಕ್ಕೇ ಇಲ್ಲವೆಂದೂ, ಆಟದ ರೀತಿನೀತಿಯನ್ನು ನಿಧಾನವಾಗಿ ಕಲಿಯಲು ಇದಕ್ಕಿಂತ ಒಳ್ಳೆಯ ಪಂದ್ಯ ಸಿಗದೆಂದೂ ಹೇಳಿ ನನ್ನನ್ನು ಹೊರಡಿಸಿದರು. ಮಿಶಿಗನ್ ವಿಶ್ವವಿದ್ಯಾಲಯದ ತಂಡ ಆಗ ಇಡೀ ದೇಶದಲ್ಲಿ ಐದನೆಯ ಸ್ಥಾನದಲ್ಲಿತ್ತು. ಎದುರಿಗೆ ಬಂದಿದ್ದ ಅಪಲೇಚಿಯನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಒಂದು ದರ್ಜೆ ಕೆಳಗಿನ ವಿಭಾಗದ್ದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ರಣಜಿ ತಂಡದ ಎದುರು ತಾಲ್ಲೂಕು ಮಟ್ಟದ ತಂಡವನ್ನು ನಿಲ್ಲಿಸಿದಂತೆ.

ಆ ಮೈದಾನವನ್ನು ಮೊದಲು ನೋಡಿದಾಗ ನನಗೆ ನಿರಾಸೆಯೇ ಆಯಿತು. ದೇಶದಲ್ಲೇ ದೊಡ್ಡದು ಎಂದು ಕೇಳಿ ಗೋಪುರದಂಥ ಕಟ್ಟಡವನ್ನು ನಿರೀಕ್ಷಿಸಿದ್ದವನಿಗೆ ರಸ್ತೆಯಿಂದ ಕಂಡದ್ದು ಸಾಧಾರಣ ಎತ್ತರದ ಗೋಡೆ. ಒಳಗೆ ಹೋದ ಮೇಲೆ ತಿಳಿಯಿತು, 1927ರಲ್ಲಿ ತೆರೆದ ಈ ಮೈದಾನವನ್ನು ಮೇಲಕ್ಕೆ ಕಟ್ಟಿಲ್ಲ, ಬಹುಪಾಲು ಕೆಳಕ್ಕೆ ತೋಡಿದ್ದಾರೆ ಎಂದು. ಮೇಲುಕೋಟೆಯ ಕಲ್ಯಾಣಿಯನ್ನು ನೂರು ಪಟ್ಟು ಹಿಗ್ಗಿಸಿ, ನೀರಿನ ಜಾಗದಲ್ಲಿ ಹುಲ್ಲು ಹಾಸಿ, ಮೆಟ್ಟಿಲುಗಳ ಮೇಲೆಲ್ಲ ಹಳದಿ ಅಂಗಿಯವರನ್ನು ಕೂರಿಸಿದರೆ ಹೇಗಿರುತ್ತದೆಯೋ ಹಾಗೆ. ಇಂದಿನ ಲೆಕ್ಕದಲ್ಲಿ ಅಲ್ಲಿ 1,07,601 ಜನ ಕೂರಬಹುದು. ಊರಿನ ಜನಸಂಖ್ಯೆಯೇ ಒಂದೂಕಾಲು ಲಕ್ಷದ ಆಸುಪಾಸು. ಪಂದ್ಯದ ದಿನ ಆನ್ ಆರ್ಬರಿನ ಮನೆಗಳಲ್ಲಿ ಕಳ್ಳತನ ಆಗದಿರುವುದು ಕಳ್ಳರೂ ಪಂದ್ಯಕ್ಕೆ ಹೋಗಿರುವುದರಿಂದಲೇ ಇರಬೇಕು.

ನಾನು ಒಳಗೆ ಹೋದದ್ದು ತಡವಾಗಿ. ಹೆಂಡತಿ ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ತುಂಬಿ ಬಟ್ಟೆಯ ಚೀಲದಲ್ಲಿಟ್ಟು ಕೊಟ್ಟಿದ್ದಳು. ಚೀಲಕ್ಕೆ ಪ್ರವೇಶವಿಲ್ಲವೆಂದು ದ್ವಾರದಲ್ಲಿದ್ದ ಹಿರಿಯರು ಬಹಳ ಮರ್ಯಾದೆಯಿಂದ ತಿಳಿಸಿದ್ದರಿಂದ ಮತ್ತೆ ಒಂದು ಮೈಲಿ ನಡೆದು ಕಾರಿನ ಬಳಿಗೆ ಹೋಗಬೇಕಾಯಿತು. ಚಿತ್ರಾನ್ನವನ್ನು ಬಿಸಿಲಲ್ಲಿ ಬಿಟ್ಟು ಬರಲು ಮನಸ್ಸೊಪ್ಪದೆ, ಸುತ್ತಲೂ ಜನ ಕಾರುಗಳ ಹಿಂಬದಿಯಲ್ಲಿ ಒಲೆ ಹೂಡಿ ಮಾಂಸ ಸುಡುತ್ತಿದ್ದ ಹೊಗೆಯ ನಡುವೆ, ಅಷ್ಟನ್ನೂ ನಿಂತುಕೊಂಡೇ ತಿಂದು ಮುಗಿಸಿದೆ. ನಾನು ಬರುವ ತನಕ ನಮ್ಮವರೇ ಮುಂದಿದ್ದರಂತೆ. ನಾನು ಹೋಗಿ ಕುಳಿತೆ. ಅರ್ಧಾವಧಿಗೆ ಅಪಲೇಚಿಯನ್ 28, ನಾವು 17.

ಆಟದ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಹೆಸರು ಫುಟ್‌ಬಾಲ್, ಅಂದರೆ ಕಾಲ್ಚೆಂಡು, ಆಡುವುದೆಲ್ಲ ಕೈಯಲ್ಲಿ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು, ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ, ಕೊನೆಯ ಗೆರೆ ದಾಟಿದರೆ ಆರು ಅಂಕ, ಅದು ಟಚ್‌ಡೌನ್. ಕಾಲಿಗೆ ಕೆಲಸ ಬರುವುದು ಬೇರೆ ದಾರಿ ಉಳಿಯದಿದ್ದಾಗ: ಮುಂದೆ ಸಾಗಲಾರೆವೆಂದು ತಿಳಿದಾಗ ಚೆಂಡನ್ನು ದೂರಕ್ಕೆ ಒದೆಯುವುದು, ಅದಕ್ಕೆ ಪಂಟ್ ಎನ್ನುತ್ತಾರೆ, ಅಥವಾ ಎರಡು ಕಂಬಗಳ ನಡುವೆ ತೂರಿಸಿ ಮೂರು ಅಂಕ ಗಿಟ್ಟಿಸುವುದು, ಅದು ಫೀಲ್ಡ್ ಗೋಲ್. ಈ ತಂಡ ನನಗೆ ಕೊಟ್ಟ ದೊಡ್ಡ ಸಂಕಟಗಳಲ್ಲಿ ಮೂರು ಬಂದದ್ದು ಹೀಗೆ ಕಾಲು ಬಳಸಲು ಹೋದಾಗಲೇ. ಇದು ಕಾಕತಾಳೀಯವೆಂದು ಹೇಳುವವರಿದ್ದಾರೆ. ಅವರ ಮನೆಯಲ್ಲಿ ಅಜ್ಜಿಯಂದಿರು ಇರಲಿಲ್ಲವೆಂದು ಕಾಣುತ್ತದೆ.

ಆ ದಿನ ಕೊನೆಯ ಅರ್ಧ ನಿಮಿಷದಲ್ಲಿ ಅಪಲೇಚಿಯನ್ 34–32ರಿಂದ ಮುಂದಿತ್ತು. ನಮ್ಮವರು ಒಂದೇ ಉದ್ದನೆಯ ಎಸೆತದಲ್ಲಿ ಗುರಿಯ ಹತ್ತಿರಕ್ಕೆ ಬಂದರು. ಇನ್ನು ಒಂದು ಒದೆತ, ಮೂರು ಅಂಕ, ಮನೆಗೆ ಹೋಗುವುದು. ಸಹೋದ್ಯೋಗಿ ನನ್ನ ಭುಜ ಹಿಡಿದು ಎಬ್ಬಿಸಿದರು. ನಾನು ಎದ್ದು ನಿಂತೆ. ಒದ್ದ ಚೆಂಡು ಎದುರಾಳಿಯ ಕೈಗೆ ಬಡಿದು ಕೆಳಗೆ ಬಿತ್ತು. ಲಕ್ಷ ಜನ ಒಟ್ಟಿಗೆ ಸುಮ್ಮನಾಗುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮುಂದಿನ ವಾರದ ಪಟ್ಟಿಯಲ್ಲಿ ಐದನೆಯ ಸ್ಥಾನವಿರಲಿ, ಮೊದಲ ಇಪ್ಪತ್ತೈದರಲ್ಲೂ ಮಿಶಿಗನ್ನಿನ ಹೆಸರಿರಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ವಿಶ್ವಕಪ್ಪಿನಲ್ಲಿ ಭಾರತ ಬಾಂಗ್ಲಾದೇಶಕ್ಕೆ ಸೋತಾಗಲೂ ನಾನು ಟಿ.ವಿ.ಯ ಮುಂದೆ ಅಲುಗಾಡದೆ ಕುಳಿತಿದ್ದೆ ಎಂಬುದನ್ನು ಸಹೋದ್ಯೋಗಿಗೆ ಹೇಳಲಿಲ್ಲ. ಅವರು ಮತ್ತೆಂದೂ ಟಿಕೆಟ್ ಕೊಡಲಿಲ್ಲ.

ಹೀಗೆ ಸೋಲಿನಿಂದ ಆರಂಭವಾದ ಸಂಬಂಧ ಬಿಡಿಸಲಾಗದಂತೆ ಅಂಟಿಕೊಂಡಿತು. ಬೇಸರವೆಂದರೆ, ಮೈದಾನಕ್ಕೆ ಹೋಗದೆ ಮನೆಯಲ್ಲೇ ಕುಳಿತು ನೋಡಿದರೂ ಕಾಲ್ಗುಣ ಬೆನ್ನು ಬಿಡಲಿಲ್ಲ. 2015ರ ಅಕ್ಟೋಬರ್ 17ರ ಪ್ರಸಂಗವನ್ನು ನಮ್ಮ ಮನೆಯಲ್ಲಿ ಈಗಲೂ ತಗ್ಗಿದ ದನಿಯಲ್ಲೇ ಮಾತನಾಡುತ್ತೇವೆ. ಅದು ನವರಾತ್ರಿ. ಮೈಸೂರಿನಿಂದ ಅತ್ತೆ ಮಾವಂದಿರು ಬಂದಿದ್ದರು. ಅತ್ತೆಯವರು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿ ತಂದಿದ್ದ ಪಟ್ಟದ ಗೊಂಬೆಗಳು ನಡುಮನೆಯಲ್ಲಿ ಏಳು ಮೆಟ್ಟಿಲುಗಳ ಮೇಲೆ ವಿರಾಜಮಾನವಾಗಿದ್ದವು, ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರು ಶೆಟ್ಟಮ್ಮನೊಂದಿಗೆ ಅಂಗಡಿ ಹರವಿಕೊಂಡು ಕುಳಿತಿದ್ದರು. ಟಿ.ವಿ. ಇದ್ದದ್ದೂ ಅದೇ ನಡುಮನೆಯಲ್ಲಿ. ಸಂಜೆ ಗೊಂಬೆ ನೋಡಲು ಹೆಂಗಸರು ಮಕ್ಕಳು ಬರುವ ಹೊತ್ತಿಗೂ ನಮ್ಮದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯವಾದ ಮಿಶಿಗನ್ ಸ್ಟೇಟ್ ವಿರುದ್ಧದ ಪಂದ್ಯದ ಕೊನೆಯ ಕ್ಷಣಗಳಿಗೂ ಸರಿಯಾಗಿ ಗಂಟು ಬಿತ್ತು.

ಮಾವನವರಿಗೆ ಆಟ ಹೊಸದು, ಆದರೆ ಆಸಕ್ತಿ ಅಪಾರ. ಪರದೆಯ ಮೇಲೆ ಜನ ‘ಗೋ ಬ್ಲೂ’ ಎಂದು ಕೂಗುವುದನ್ನು ಕೇಳಿ, “ಗೋವು ಬಿಳಿ ಇರುತ್ತೆ, ಕಪ್ಪು ಇರುತ್ತೆ, ಕಪಿಲೆಯೂ ಇರುತ್ತೆ, ನೀಲಿ ಗೋವನ್ನ ಪುರಾಣದಲ್ಲೂ ಕೇಳಿಲ್ಲವಲ್ಲ ಅಳಿಯಂದಿರೇ” ಎಂದು ಅಚ್ಚರಿಪಟ್ಟಿದ್ದರು. ನಾವು 23–21ರಿಂದ ಮುಂದಿದ್ದೆವು. ಇನ್ನು ಹತ್ತು ಸೆಕೆಂಡು ಉಳಿದಿತ್ತು. ಚೆಂಡು ನಮ್ಮದೇ ಕೈಯಲ್ಲಿತ್ತು. ಅದನ್ನು ಒಮ್ಮೆ ದೂರಕ್ಕೆ ಒದ್ದುಬಿಟ್ಟರೆ ಮುಗಿಯಿತು. ಒಳಗಿನಿಂದ ಹೆಂಡತಿ, “ಮಕ್ಕಳು ಕಾಯ್ತಾ ಇದಾವೆ, ಗೊಂಬೆ ಬಾಗಿನದ ತಟ್ಟೆ ತಗೊಂಡು ಬನ್ನೀರಿ” ಎಂದಳು. ನಾಲ್ಕು ಗಂಟೆಗಳಿಂದ ಕುರ್ಚಿ ಬಿಡದೆ ಕುಳಿತಿದ್ದ ನಾನು, ಗೆದ್ದಾಯಿತಲ್ಲ ಎಂಬ ಧೈರ್ಯದಿಂದ ಎದ್ದೆ.

ತಟ್ಟೆ ಹಿಡಿದು ತಿರುಗುವಷ್ಟರಲ್ಲಿ, ಒದೆಯಬೇಕಾದ ಹುಡುಗನ ಕೈಯಿಂದ ಚೆಂಡು ಜಾರಿತ್ತು. ಅವನು ಅದನ್ನು ಹೆಕ್ಕಿ ಒದೆಯಲು ಹೋದದ್ದು, ಮುತ್ತಿಕೊಂಡ ಎದುರಾಳಿಗಳ ನಡುವೆ ಚೆಂಡು ಚಿಮ್ಮಿದ್ದು, ಅವರಲ್ಲೊಬ್ಬ ಅದನ್ನು ಹಿಡಿದು 38 ಗಜ ಓಡಿ ಗೆರೆ ದಾಟಿದ್ದು, ಗಡಿಯಾರ ಸೊನ್ನೆಗೆ ಬಂದದ್ದು, ಇಷ್ಟೂ ನಾನು ಕೊಬ್ಬರಿ ಮಿಠಾಯಿಯ ತಟ್ಟೆ ಹಿಡಿದು ನಿಂತಿದ್ದಾಗಲೇ ಆಗಿಹೋಯಿತು. 27–23. ಇಡೀ ಪಂದ್ಯದಲ್ಲಿ ಮಿಶಿಗನ್ ಸ್ಟೇಟ್ ಮುಂದೆ ಬಂದದ್ದು ಆ ಕೊನೆಯ ಗಳಿಗೆಯಲ್ಲಿ ಮಾತ್ರ. ನನ್ನ ಬಾಯಿಂದ ಹೊರಟ ಕೂಗಿಗೆ ಬಂದಿದ್ದ ಮಕ್ಕಳಲ್ಲೊಂದು ಬೆಚ್ಚಿ ಹಿಂದೆ ಸರಿಯಿತು, ಸರಿದದ್ದು ಮೆಟ್ಟಿಲಿಗೆ ತಾಗಿತು, ಶೆಟ್ಟರು ಅಂಗಡಿ ಸಮೇತ ಉರುಳಿಬಿದ್ದರು. ಅವರ ಬಲಗಿವಿಯ ಚೂರು ಇಂದಿಗೂ ಸಿಕ್ಕಿಲ್ಲ. ಗೆರೆ ದಾಟಿದ ಆ ಹುಡುಗನ ಸೊಂಟದ ಕೀಲು ಗೆಳೆಯರ ಸಂಭ್ರಮದ ರಾಶಿಯಡಿ ಸಿಕ್ಕಿ ತಪ್ಪಿತ್ತೆಂದು ಮರುದಿನ ಓದಿ, ನನ್ನ ಕಾಲ್ಗುಣ ಪಕ್ಷಭೇದ ಮಾಡುವುದಿಲ್ಲವೆಂದು ತಿಳಿಯಿತು.

ಎಲ್ಲರೂ ಮೌನವಾಗಿದ್ದಾಗ ಮಾವನವರು ಒಂದೇ ಪ್ರಶ್ನೆ ಕೇಳಿದರು. “ಅಲ್ಲ ಅಳಿಯಂದಿರೇ, ಆ ಹುಡುಗ ಚೆಂಡನ್ನ ತಬ್ಕೊಂಡು ಸುಮ್ಮನೆ ಮಲಗಿಬಿಟ್ಟಿದ್ರೆ ಆಗ್ತಿರಲಿಲ್ಲವೇ?” ಮುಂದಿನ ಹಲವು ವಾರ ಮಿಶಿಗನ್ನಿನ ಪತ್ರಿಕೆಗಳು ಪುಟಗಟ್ಟಲೆ ಬರೆದದ್ದರ ಸಾರವೂ ಇಷ್ಟೇ ಆಗಿತ್ತು. ಹೆಂಡತಿಯ ತೀರ್ಪು ಬೇರೆಯಾಗಿತ್ತು. ಹುಡುಗನದೇನೂ ತಪ್ಪಿಲ್ಲ, ನೀವು ಏಳಬಾರದಾಗಿತ್ತು ಎಂದಳು. ತಟ್ಟೆ ತರಲು ಹೇಳಿದವರು ಯಾರು ಎಂಬ ಪ್ರಶ್ನೆಯನ್ನು ನಾನು ಎತ್ತಲಿಲ್ಲ. ಸಂಸಾರದಲ್ಲಿ ಪಂಟ್ ಮಾಡುವುದನ್ನು ಕಲಿತು ಬಹಳ ವರ್ಷಗಳಾಗಿವೆ.

ನಮ್ಮ ನಿಜವಾದ ವೈರಿ ಓಹಾಯೋ ಸ್ಟೇಟ್. ನವೆಂಬರ್ ಕೊನೆಯ ಶನಿವಾರ ಅವರೊಡನೆ ನಡೆಯುವ ಪಂದ್ಯವೇ ವರ್ಷದ ಸಾರ. ಆ ವಾರ ಅವರು ತಮ್ಮ ವಿಶ್ವವಿದ್ಯಾಲಯದ ಫಲಕಗಳ ಮೇಲಿನ ‘ಎಂ’ ಅಕ್ಷರಗಳಿಗೆಲ್ಲ ಕೆಂಪು ಪಟ್ಟಿಯಿಂದ ಕಾಟು ಹೊಡೆಯುತ್ತಾರೆ, ಮಿಶಿಗನ್ನಿನ ಮೊದಲಕ್ಷರವೆಂಬ ಒಂದೇ ಕಾರಣಕ್ಕೆ. ನಾವೇನಾದರೂ ಕನ್ನಡದಲ್ಲಿ ‘ಮ’ ಅಕ್ಷರಕ್ಕೆ ಹೀಗೆ ಮಾಡಹೊರಟರೆ ಮನೆ, ಮಠ, ಅಮ್ಮ, ಮೈಸೂರು ಎಲ್ಲವನ್ನೂ ಬಿಟ್ಟುಕೊಡಬೇಕಾಗುತ್ತದೆ. ಅಷ್ಟು ದ್ವೇಷ ನಮಗೆ ಪೂರೈಸುವುದಿಲ್ಲ. ಅವರ ಬಣ್ಣ ಕೆಂಪು, ನಮ್ಮದು ಹಳದಿ ಮತ್ತು ನೀಲಿ. ಕನ್ನಡ ಬಾವುಟದಲ್ಲಿ ಹಳದಿ ಕೆಂಪು ಎರಡೂ ಇರುವುದರಿಂದ ನವೆಂಬರ್ ತಿಂಗಳಲ್ಲಿ ನನ್ನಂಥವರ ಸ್ಥಿತಿ ಸೂಕ್ಷ್ಮವಾಗುತ್ತದೆ.

2021ರ ನವೆಂಬರ್ 27ರಂದು ಇಲ್ಲಿಯ ಕನ್ನಡಿಗರ ರಾಜ್ಯೋತ್ಸವದ ನಾಟಕಕ್ಕೆ ರಟ್ಟಿನ ಸಿಂಹಾಸನ ಸಾಗಿಸುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಹತ್ತು ವರ್ಷಗಳಿಂದ ಓಹಾಯೋ ಸ್ಟೇಟನ್ನು ಗೆಲ್ಲದ ತಂಡ ಆ ದಿನವೂ ಸೋಲುವುದೇ ಸೈ ಎಂದು ಸಮಾಧಾನ ಮಾಡಿಕೊಂಡು, ಅರಿಶಿನ ಕುಂಕುಮ ಬಣ್ಣದ ಶಲ್ಯ ಹೊದ್ದು, ಫೋನಿಗೆ ಸಂಕೇತವೇ ಸಿಗದ ರಂಗಮಂಟಪದ ಹಿಂಬದಿಯಲ್ಲಿ ಮಧ್ಯಾಹ್ನವೆಲ್ಲ ಕಳೆದೆ. ಹೊರಗೆ ಬಂದಾಗ ಹಿಮ ಸುರಿಯುತ್ತಿತ್ತು. ಆಗ ಅದೇ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಗನಿಂದ ಚಿತ್ರವೊಂದು ಬಂದಿತ್ತು: ಸಾವಿರಾರು ಹುಡುಗರು ಹಿಮದಲ್ಲಿ ಮೈದಾನಕ್ಕೆ ನುಗ್ಗಿದ್ದಾರೆ, ಇವನೂ ಎಲ್ಲೋ ಅವರ ನಡುವೆ ಇದ್ದಾನೆ. 42–27. ಒಬ್ಬನೇ ಆಟಗಾರ, ಹಸನ್ ಹಾಸ್ಕಿನ್ಸ್, ಐದು ಬಾರಿ ಗೆರೆ ದಾಟಿದ್ದ. ಚಿತ್ರದ ಕೆಳಗೆ ಮಗ ಬರೆದಿದ್ದ: ‘ಅಪ್ಪಾ, ನೀನು ನೋಡಲಿಲ್ಲ ತಾನೇ?’

ಮುಂದಿನ ವರ್ಷ ಓಹಾಯೋ ಸ್ಟೇಟಿನ ಊರಾದ ಕೊಲಂಬಸ್‌ನಲ್ಲಿ ಪಂದ್ಯ ನಡೆಯುವಾಗ ನನ್ನನ್ನು ತೊಗರಿಬೇಳೆ ತರಲು ಕಳುಹಿಸಿದರು. ಐದು ಕೆ.ಜಿ. ಬೇಳೆ ಸಾಕಿತ್ತು, ಪಂದ್ಯ ಮುಗಿಯುವ ತನಕ ಬರಬಾರದೆಂದು ಆಜ್ಞೆಯಾಗಿದ್ದರಿಂದ ಇಪ್ಪತ್ತು ಕೆ.ಜಿ. ತಂದೆ. 45–23, ಗೆದ್ದೆವು. ಅದೇ ಡಿಸೆಂಬರ್ 31ರಂದು ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ವಿರುದ್ಧದ ರಾಷ್ಟ್ರೀಯ ಸೆಮಿಫೈನಲ್ ಬಂದಾಗ, ಹೊಸ ವರ್ಷವೂ ಅಲ್ಲವೇ, ಸ್ವಲ್ಪ ಹೊತ್ತು ಎಂದು ಬೇಡಿಕೊಂಡು ಸೋಫಾದ ತುದಿಯಲ್ಲಿ ಕುಳಿತೆ. 51–45, ಸೋತೆವು. ಇದಾದ ಮೇಲೆ ಮನೆಯಲ್ಲಿ ವಾದಕ್ಕೆ ಅವಕಾಶವಿರಲಿಲ್ಲ.

ಹಾಗಾಗಿ 2024ರ ಜನವರಿ 1ರಂದು ಅಲಬಾಮಾ ವಿರುದ್ಧ ರೋಸ್ ಬೋಲ್, ಅಂದರೆ ಆ ಸಲದ ಸೆಮಿಫೈನಲ್ ಪಂದ್ಯ ಶುರುವಾಗುವ ಮೊದಲೇ ಬಟ್ಟೆಯ ಬುಟ್ಟಿ ಹಿಡಿಸಿ ನನ್ನನ್ನು ಬೇಸ್‌ಮೆಂಟಿಗೆ ಇಳಿಸಲಾಯಿತು. ಒಗೆಯುವ ಯಂತ್ರ ಅಲ್ಲಿಯೇ ಇದೆ. ಫೋನನ್ನು ಮಗ ತೆಗೆದಿಟ್ಟುಕೊಂಡಿದ್ದ. ಮಾನವೀಯತೆಯ ದೃಷ್ಟಿಯಿಂದ ಒಂದು ಏರ್ಪಾಡಾಗಿತ್ತು: ನಮಗೆ ಟಚ್‌ಡೌನ್ ಆದರೆ ಮೇಲಿನಿಂದ ನೆಲವನ್ನು ಒಮ್ಮೆ ಕುಟ್ಟುವುದು, ಅವರಿಗಾದರೆ ಎರಡು ಸಲ. ಈ ಏರ್ಪಾಡಿನಲ್ಲಿ ಎರಡು ಜಮಖಾನೆಗಳನ್ನು ಒಟ್ಟಿಗೆ ಯಂತ್ರಕ್ಕೆ ಹಾಕಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನೀರು ಹಿಂಡುವ ಹಂತದಲ್ಲಿ ಯಂತ್ರ ಒಂದು ಬದಿಗೆ ವಾಲಿ ಧಡ್, ಧಡ್ ಎಂದು ಬಡಿದುಕೊಳ್ಳತೊಡಗಿತು. ಎರಡೆರಡಾಗಿ ಎಣಿಸುತ್ತ ಹೋದಾಗ ಅಲಬಾಮಾಕ್ಕೆ ಹನ್ನೊಂದು ಟಚ್‌ಡೌನ್ ಆಗಿದ್ದವು. ಇಷ್ಟು ಹೀನಾಯವಾಗಿ ಸೋತ ಮೇಲೆ ಇನ್ನು ನನ್ನಿಂದ ಆಗುವ ಕೇಡಾದರೂ ಏನು ಎಂದುಕೊಂಡು, ಕುಟುಂಬಕ್ಕೆ ಸಾಂತ್ವನ ಹೇಳಲು ಮೆಟ್ಟಿಲು ಹತ್ತಿ ಬಾಗಿಲು ತೆರೆದೆ.

ಪಂದ್ಯ 20–20ರಲ್ಲಿ ಸಮನಾಗಿ ನಿಂತಿತ್ತು. ಮುಕ್ಕಾಲು ನಿಮಿಷ ಬಾಕಿಯಿತ್ತು. ಅಲಬಾಮಾ ಒದ್ದ ಪಂಟ್ ಆಕಾಶದಿಂದ ಇಳಿದು, ಸರಿಯಾಗಿ ನಾನು ತಲೆ ಹೊರಹಾಕಿದ ಕ್ಷಣದಲ್ಲಿ, ನಮ್ಮ ಆಟಗಾರನ ಕೈತಪ್ಪಿ ನಮ್ಮದೇ ಗೆರೆಯ ಕಡೆಗೆ ಉರುಳಿತು. ಅವನು ಬೆನ್ನಟ್ಟಿ ಹಿಡಿದದ್ದು ಒಂದು ಗಜದ ಅಂತರದಲ್ಲಿ. ಗೆರೆಯ ಆಚೆ ಸಿಕ್ಕಿಬಿದ್ದಿದ್ದರೆ ಎದುರಾಳಿಗೆ ಎರಡು ಅಂಕ, ನಮಗೆ ತಿಥಿ. “ಇಳೀರಿ ಕೆಳಗೆ!” ಎಂದು ಹೆಂಡತಿ ಕೂಗಿದ ದನಿಯಲ್ಲಿ ಮದುವೆಯಾದಾಗಿನಿಂದ ಕೂಡಿಟ್ಟಿದ್ದೆಲ್ಲ ಇತ್ತು. ಇಳಿದೆ. ಹೆಚ್ಚುವರಿ ಅವಧಿಯಲ್ಲಿ ನೆಲ ಒಮ್ಮೆ ಕುಟ್ಟಿತು. ಆಮೇಲೆ ಬಹಳ ಹೊತ್ತು ಸದ್ದಿಲ್ಲ. ಕೊನೆಗೆ ಇಡೀ ಮನೆ ಅದುರುವಂತೆ ಕುಣಿದ ಸದ್ದು ಕೇಳಿದಾಗ, ಯಂತ್ರ ನಿಂತಿದೆಯೇ ಎಂದು ಮುಟ್ಟಿ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಸಂತೋಷಪಟ್ಟೆ. 27–20. ವಾರದ ನಂತರ ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ತಂಡವನ್ನು 34–13ರಿಂದ ಸೋಲಿಸಿ, ಹದಿನೈದಕ್ಕೆ ಹದಿನೈದನ್ನೂ ಗೆದ್ದು ನಮ್ಮವರು ರಾಷ್ಟ್ರೀಯ ಚಾಂಪಿಯನ್ ಆದಾಗ ನಾನು ಪರದೆಗಳನ್ನು ಒಗೆಯುತ್ತಿದ್ದೆ.

ಅದೇ ವರ್ಷ ನವೆಂಬರ್ 30ರಂದು ಕೊಲಂಬಸ್‌ನಲ್ಲಿ ನಮ್ಮವರು ಗೆಲ್ಲುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಓಹಾಯೋದ ಕಾಲು ಎರಡು ಫೀಲ್ಡ್ ಗೋಲುಗಳನ್ನು ತಪ್ಪಿಸಿತು. ನಮ್ಮ ಡೊಮಿನಿಕ್ ಜ್ವಾಡಾ ಇನ್ನು 45 ಸೆಕೆಂಡು ಇರುವಾಗ ಒದ್ದ ಚೆಂಡು ಕಂಬಗಳ ನಡುವೆ ನೇರವಾಗಿ ಹಾದುಹೋಯಿತು. 13–10. ಕಾಲಿನಿಂದ ಇಂಥ ಒಳ್ಳೆಯದನ್ನು ಕಾಣಲು ನಾನು ಹದಿನೇಳು ವರ್ಷ ಕಾದಿದ್ದೆ, ಕಾಣಲು ಮಾತ್ರ ಬಿಡಲಿಲ್ಲ.

ಈ ಕಥೆ ಪಕ್ಕದ ಮನೆಯವರ ತನಕ ಹೋಗಿದೆ. ಅವರು ಓಹಾಯೋದಲ್ಲಿ ಓದಿದವರು, ಕೆಂಪು ಟೋಪಿಯವರು, ಬಹಳ ಸಭ್ಯರು. ಮೊನ್ನೆ ಬೇಲಿಯ ಬಳಿ ನನ್ನನ್ನು ನಿಲ್ಲಿಸಿ, ಮುಂದಿನ ಸಲ ಆನ್ ಆರ್ಬರಿನಲ್ಲಿ ನಡೆಯುವ ಪಂದ್ಯಕ್ಕೆ ಐವತ್ತು ಗಜದ ಗೆರೆಯ ಎದುರಿನ ಸೀಟು ನನಗಾಗಿ ಕೊಡಿಸುವುದಾಗಿಯೂ, ಹಣವೇನೂ ಬೇಡವೆಂದೂ, ಊಟದ ವ್ಯವಸ್ಥೆಯೂ ತಮ್ಮದೇ ಎಂದೂ ಹೇಳಿದರು. ಟಿಕೆಟ್ಟು ಈಗೆಲ್ಲ ಫೋನಿಗೇ ಬರುವುದರಿಂದ ಹೆಂಡತಿ ನನ್ನ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಒಗೆಯಲು ಎರಡು ಜಮಖಾನೆ ತೆಗೆದಿಟ್ಟಿದ್ದಾಳೆ, ಒಂದೊಂದಾಗಿ ಹಾಕಬೇಕಂತೆ.