ಸಾವಿರದ ಇನ್ನೂರರ ಅತಿಥಿ

ಭೂತಾನಿನ ಹೋಟೆಲುಗಳ ಗೋಳು ಮತ್ತೆ ಸುದ್ದಿಯಾಗಿದೆ: ಕೋಣೆಯ ಬಾಡಿಗೆ ಇಳಿದು ಸಾಲದ ಕಂತು ಕಟ್ಟುವುದೇ ಕಷ್ಟವಂತೆ. ಬೈಗುಳ ಎಂದಿನಂತೆ ನಮ್ಮ ತಲೆಯ ಮೇಲೆಯೇ. ಇಂಡಿಯಾದವರು ಒಂದು ಕೋಣೆಗೆ ನಾಲ್ಕು ಜನ ನುಗ್ಗುತ್ತಾರೆ, ಅಡುಗೆಭಟ್ಟನನ್ನೂ ಬೇಳೆ ಮೂಟೆಯನ್ನೂ ಬಸ್ಸಿಗೇರಿಸಿಕೊಂಡು ಬರುತ್ತಾರೆ, ಕೊನೆಗೆ ಚೌಕಾಸಿ ಬೇರೆ. ಒಪ್ಪಿದೆವು, ಮೂರೂ ನಿಜ. 2019ರಲ್ಲಿ ಅಲ್ಲಿನ ದೋಚುಲಾ ಘಾಟಿಯ ಸ್ತೂಪದ ನೆತ್ತಿಗೇರಿ ಫೋಟೊಗೆ ನಿಂತ ವೀರನೂ ನಮ್ಮವನೇ.

ನಾಲ್ಕು ಜನರ ಕೋಣೆಯ ಪಾಡು ನೋಡಬೇಕೆಂದರೆ ಗೀಸರಿನ ಹತ್ತಿರ ಹೋಗಬೇಕು. 25 ಲೀಟರಿನ ಡಬ್ಬಿ, 2 ಕಿಲೋವ್ಯಾಟಿನ ಕಾಯಿಲ್, ಚಳಿಗಾಲದಲ್ಲಿ ನಲ್ಲಿಯಿಂದ ಬರುವುದು 8 ಡಿಗ್ರಿಯ ನೀರು. ಅದು 60 ಡಿಗ್ರಿಗೆ ಏರಲು ಮುಕ್ಕಾಲು ಗಂಟೆ ಬೇಕು. ತಣ್ಣೀರು ಬೆರೆಸಿದರೆ ಸ್ನಾನಕ್ಕಾಗುವುದು ಸುಮಾರು 40 ಲೀಟರ್, ಅಂದರೆ ಎರಡು ಬಕೆಟ್. ಮೊದಲಿಬ್ಬರು ಹಾಡುತ್ತಾ ಮೀಯುತ್ತಾರೆ. ಮೂರನೆಯವರು ಕಿರುಚುತ್ತಾರೆ. ನಾಲ್ಕನೆಯವರು ಟವೆಲ್ ಸುತ್ತಿಕೊಂಡೇ ಫೋನಿನಲ್ಲಿ ಹೋಟೆಲಿಗೆ ಒಂದು ಸ್ಟಾರ್ ಕೊಟ್ಟುಬಿಡುತ್ತಾರೆ. ಎಂಟು ಗಂಟೆಗೆ ಬಸ್ಸು ಹೊರಡಬೇಕು, ಗೀಸರಿಗೆ ಅದು ಗೊತ್ತಿಲ್ಲ.

ಇಂಥ ಪಾಮರರಿಂದ ದೇಶವನ್ನು ಕಾಪಾಡಲೆಂದೇ ರಾಜಧಾನಿ ಥಿಂಫುವಿನ ದೊಡ್ಡವರ ಬಳಿ ಒಂದು ಮಂತ್ರವಿದೆ: ಮೌಲ್ಯ ಹೆಚ್ಚು, ಸಂಖ್ಯೆ ಕಡಿಮೆ. ಎಷ್ಟು ಉದಾತ್ತ ಚಿಂತನೆ! ಡಾಲರಿನ ಅತಿಥಿಗೆ 2022ರಲ್ಲಿ ರಾತ್ರಿಗೆ 200 ಡಾಲರ್ ಸರ್ಕಾರಿ ಶುಲ್ಕ ಇಟ್ಟರು. ಅವನು ಬಾರದೆ ಹೋದಾಗ ಮರುವರ್ಷವೇ ಅದು 100ಕ್ಕೆ ಇಳಿಯಿತು. ಚೌಕಾಸಿ ನಮ್ಮೊಬ್ಬರ ಕಾಯಿಲೆಯಲ್ಲ ಎಂದು ಸಮಾಧಾನವಾಯಿತು. ಅಲ್ಲಿಯವರೆಗೆ ಪುಕ್ಕಟೆ ಬರುತ್ತಿದ್ದ ನಮಗೆ ತಲೆಗೆ, ರಾತ್ರಿಗೆ 1,200 ರೂಪಾಯಿ. ಆರರಿಂದ ಹನ್ನೆರಡರ ಮಕ್ಕಳಿಗೆ ಅರ್ಧ, ಅದಕ್ಕೂ ಚಿಕ್ಕವರಿಗೆ ಇಲ್ಲ. ಗಡಿಯೂರು ಫುಂಟ್‌ಶೋಲಿಂಗಿನ ಗೇಟಿನಲ್ಲಿ ಏಳು ವರ್ಷದ ಹುಡುಗನ ವಯಸ್ಸು ಇಳಿಸಲು ಹೊರಟ ಅಪ್ಪನ ಕೈಯಲ್ಲೇ ಜನನ ಪ್ರಮಾಣಪತ್ರ. ಅದೋ ಪಾಸ್‌ಪೋರ್ಟೋ ಇಲ್ಲದೆ ಮಗು ಒಳಗೆ ಹೋಗದು.

ಈಗ ಲೆಕ್ಕ. ಗಂಡ, ಹೆಂಡತಿ, ಎರಡು ಅರ್ಧ ಟಿಕೆಟ್: ರಾತ್ರಿಗೆ 3,600, ಐದು ರಾತ್ರಿಗೆ 18,000. ಮನೆಯಿಂದ ತಂದ ದುಡ್ಡು ಮಾತ್ರ ಮೊದಲಿನಷ್ಟೇ ಇದೆ. ವಿಮಾನದವನು ದರ ಇಳಿಸುವುದಿಲ್ಲ, ಡೀಸೆಲ್ಲೂ ಇಳಿಯುವುದಿಲ್ಲ, ಸರ್ಕಾರವಂತೂ ಇಲ್ಲವೇ ಇಲ್ಲ. ಒತ್ತಿದರೆ ಒಳಗೆ ಹೋಗುವುದು ಕೋಣೆಯ ಬಾಡಿಗೆ ಒಂದೇ. ಏಜೆಂಟ್ ಅಲ್ಲೇ ಒತ್ತುತ್ತಾನೆ: ಎರಡು ಕೋಣೆ ಒಂದಾಗುತ್ತದೆ, ಹೆಚ್ಚುವರಿ ಹಾಸಿಗೆ ನೆಲಕ್ಕೆ ಬರುತ್ತದೆ, ರಾತ್ರಿಯ ಊಟವೂ ಅದೇ ದರದಲ್ಲಿ. ಶುಲ್ಕ ಕೊಡುವವನು ಅತಿಥಿ ಎಂದು ಕಾಗದ ಹೇಳುತ್ತದೆ, ನಷ್ಟ ಹೊರುವವನು ಹೋಟೆಲಿನವನು.

ಇಷ್ಟರ ಮೇಲೆ ಗಡಿಯೂರಿನಲ್ಲಿ ಗುರುತಿಸಿದ ಗೆರೆಯೊಳಗೆ 24 ಗಂಟೆ ಶುಲ್ಕವಿಲ್ಲ. ಗೇಟಿನ ಈಚೆ ನಮ್ಮ ಜೈಗಾಂವ್, ಹಾರನ್ನು ಮತ್ತು ಕೆಸರು. ಆಚೆ ಜೀಬ್ರಾ ಪಟ್ಟೆಯ ಮುಂದೆ ಕಾರುಗಳು ಕೈಮುಗಿದು ನಿಲ್ಲುತ್ತವೆ. ನಮ್ಮವರು ಆಚೆ ಹೋಗಿ ರಸ್ತೆ ದಾಟುತ್ತಾರೆ, ಅದರ ವಿಡಿಯೊ ಮಾಡುತ್ತಾರೆ, ಈಚೆ ಬಂದು ಮಲಗುತ್ತಾರೆ. ವಿದೇಶ ಪ್ರವಾಸ ಮುಗಿಯಿತು.

ನಗುವುದನ್ನು ಬಿಟ್ಟು ಹೇಳುವುದಾದರೆ, ಇದು ಅನ್ಯಾಯ. 2019ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಬಂದರು, ಅವರಲ್ಲಿ ಮೂರನೇ ಎರಡರಷ್ಟಕ್ಕೂ ಮಿಕ್ಕಿ ಭಾರತೀಯರು. ಆ ಜನರನ್ನು ನಂಬಿಯೇ ಪಾರೋದಲ್ಲಿ, ಥಿಂಫುವಿನಲ್ಲಿ ಬ್ಯಾಂಕಿನ ಸಾಲದಿಂದ ಸಣ್ಣ ಹೋಟೆಲುಗಳೆದ್ದವು. ಕಟ್ಟುವಾಗ ಬೇಡವೆನ್ನದವರು ಕಟ್ಟಿದ ಮೇಲೆ ನಿಮ್ಮ ಅತಿಥಿ ಅಗ್ಗದವನು ಎಂದರು. ಕೊಂಚ ಹಿಂದೆ, 2012ರಲ್ಲಿ, ಭಾರತದ ರೂಪಾಯಿ ಸಿಗದೆ ಕಂಗಾಲಾಗಿದ್ದ ದೇಶ ಇದು. ಆ ರೂಪಾಯಿಯನ್ನು ಜೇಬಿನಲ್ಲಿಟ್ಟುಕೊಂಡು ಬರುವವನು ಯಾರು? ಇಂಗ್ಲಿಷ್ ಬಲ್ಲ ಹುಡುಗ ಹುಡುಗಿಯರು ರಿಸೆಪ್ಷನ್ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟಿದ್ದಾರೆ. ರಾಷ್ಟ್ರದ ಸಂತೋಷ ಅಳೆಯುವವರು ಕಂತಿನ ದಿನ ಒಂದು ಹೋಟೆಲಿಗೆ ಹೋಗಿ ಮಾಲೀಕನ ಮುಖಕ್ಕೆ ಟೇಪು ಹಿಡಿಯಲಿ.

ಇರಲಿ, ಬಾಗಿಲಲ್ಲಿ ಬಸ್ಸು ನಿಂತಿದೆ. ಇಪ್ಪತ್ತು ಕೋಣೆ ಹೇಳಿದ್ದ ಏಜೆಂಟ್ ರಾತ್ರಿ ಕಳಿಸಿದ ಪಟ್ಟಿಯಲ್ಲಿ ನಲವತ್ತು ಜನ, ಹನ್ನೊಂದು ಕೋಣೆ. ಒಂದು ಅಡುಗೆಭಟ್ಟನಿಗೆ. ಯಾರಾದರೂ ಹೋಗಿ ಗೀಸರ್ ಹಾಕಿ ಬನ್ನಿ.